ಪಟ್ಟಿಯಲ್ಲಿದ್ದ ಬಂಧುಗಳಿಗಷ್ಟೇ ಹಬ್ಬ

ಓದುಗರ ಪತ್ರ: ಎರಡು ಜರ್ಮನಿಗಳು ಒಂದಾದ ದಿನವಾದ ಅಕ್ಟೋಬರ್ 3ರ ರಜೆಗೆ ಬರ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಊರನ್ನು ಪೂರ್ವ, ಪಶ್ಚಿಮ ಎಂದು ಸೀಳಿದ ಗೋಡೆ ಇದ್ದ 28 ವರ್ಷ ಅಲ್ಲಿನ ಬಂಧುಗಳು ಪರಸ್ಪರ ಮುಖ ನೋಡಲಿಲ್ಲ ಎಂದು ಓದಿದ್ದೆ. ಮಗಳ ಮನೆಯೊಡತಿಯೋ, ತಮ್ಮ ಅಜ್ಜಿ ಪಶ್ಚಿಮದಿಂದ ಪೂರ್ವಕ್ಕೆ ಕ್ರಿಸ್‌ಮಸ್‌ಗೆ ಹೋಗಿಬಂದಿದ್ದರು ಎನ್ನುತ್ತಾರಂತೆ. ಯಾವುದು ಸರಿ?
— ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಮನೆಯೊಡತಿ ಹೇಳಿದ್ದು ನಂಬಬಹುದಾದ ಮಾತು. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿ ಗಡಿ ಮುಚ್ಚಿತು. ಹತ್ತೇ ದಿನಕ್ಕೆ ಪಶ್ಚಿಮ ಬರ್ಲಿನ್ನಿನವರು ಪೂರ್ವಕ್ಕೆ ಕಾಲಿಡುವುದೂ ನಿಂತಿತು. ಎರಡು ಭಾಗಗಳ ನಡುವಿನ ಫೋನ್ ತಂತಿಗಳನ್ನು 1952ರಲ್ಲೇ ಕಡಿದಿದ್ದರು. ಉಳಿದದ್ದು ಕಾಗದ, ಪಾರ್ಸೆಲ್ ಮಾತ್ರ.

1963ರ ಡಿಸೆಂಬರ್ 17ರಂದು ಒಂದು ಒಪ್ಪಂದವಾಯಿತು. ಡಿಸೆಂಬರ್ 19ರಿಂದ ಜನವರಿ 5ರವರೆಗೆ ಪಶ್ಚಿಮದವರು ದಿನದ ಪಾಸ್ ಪಡೆದು ಪೂರ್ವದ ನೆಂಟರನ್ನು ಕಂಡುಬರಬಹುದು, ನಡುರಾತ್ರಿಯೊಳಗೆ ಮರಳಲೇಬೇಕು. ಪೂರ್ವದ ಅಧಿಕಾರಿಗಳು ಪಶ್ಚಿಮದ ನೆಲದಲ್ಲಿ ಕೂತು ಪಾಸ್ ಕೊಟ್ಟರೆ ಪೂರ್ವದ ಸರ್ಕಾರಕ್ಕೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂಬ ತಕರಾರು ಪಶ್ಚಿಮದವರಿಗಿತ್ತು. ಅದಕ್ಕೇ ಅಧಿಕಾರಿಗಳ ಬದಲು ಪೂರ್ವದ ಅಂಚೆ ನೌಕರರು ಬಂದು ಪಶ್ಚಿಮದ ಶಾಲೆಗಳಲ್ಲಿ ಮೇಜು ಹಾಕಿ ಕೂತರು. ಅರ್ಜಿಗೆ ಒಂದು ಸಾಲು. ಅರ್ಜಿಗಳು ಪೂರ್ವಕ್ಕೆ ಹೋಗಿ ಪರಿಶೀಲನೆಯಾಗಿ ಬರಬೇಕಾದ್ದರಿಂದ ಪಾಸ್ ಪಡೆಯಲು ಮತ್ತೊಂದು ಸಾಲು, ಅದೂ ಡಿಸೆಂಬರಿನ ಚಳಿಯಲ್ಲಿ. ಆದರೂ ಆ ಹದಿನೆಂಟು ದಿನಗಳಲ್ಲಿ ಸುಮಾರು 12 ಲಕ್ಷ ಭೇಟಿಗಳು ನಡೆದವು.

ನನಗೆ ಎಲ್ಲಕ್ಕಿಂತ ನೋವು ತರುವುದು ಆ ನೆಂಟರ ಪಟ್ಟಿ. ತಂದೆ–ತಾಯಿ, ಮಕ್ಕಳು, ಅಜ್ಜ–ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಅವರ ಮಕ್ಕಳು, ಚಿಕ್ಕಪ್ಪ–ಸೋದರತ್ತೆಯಂಥವರು, ಇವರೆಲ್ಲರ ಗಂಡ ಅಥವಾ ಹೆಂಡತಿ: ಅಲ್ಲಿಗೆ ಮುಗಿಯಿತು. ಚಿಕ್ಕಪ್ಪನನ್ನು ನೋಡಲು ಪಾಸ್ ಸಿಗುತ್ತಿತ್ತು. ಚಿಕ್ಕಪ್ಪನ ಮಗ ಬೇರೆ ಮನೆ ಮಾಡಿದ್ದರೆ ಅವನ ಹೆಸರಲ್ಲಿ ಸಿಗುತ್ತಿರಲಿಲ್ಲ. ನಿಶ್ಚಯವಾದ ಹುಡುಗಿ, ಜೊತೆಗೆ ಆಡಿ ಬೆಳೆದ ಗೆಳೆಯ ಲೆಕ್ಕಕ್ಕೇ ಇಲ್ಲ. ಪೂರ್ವದವರು ಪಶ್ಚಿಮಕ್ಕೆ ಬರುವಂತೆಯೂ ಇರಲಿಲ್ಲ. ಅದೇ ಕ್ರಿಸ್‌ಮಸ್ ದಿನ ಗೋಡೆ ಹತ್ತಿದ 18 ವರ್ಷದ ಹುಡುಗನೊಬ್ಬ ಗುಂಡೇಟಿಗೆ ಬಲಿಯಾದ.

ಚೀಲದಲ್ಲಿ ಕಾಫಿ, ಚಾಕೊಲೇಟ್, ಕಿತ್ತಳೆ ಹೋಗುತ್ತಿದ್ದವು. ಪಶ್ಚಿಮದ ಪತ್ರಿಕೆಗಳಿಗೆ ಪ್ರವೇಶವಿಲ್ಲ. ಪಾರ್ಸೆಲ್ ಕಳಿಸುವವರು ಮೇಲೆ ‘ಉಡುಗೊರೆ, ಮಾರಾಟದ ಸರಕಲ್ಲ’ ಎಂದು ಬರೆಯಬೇಕಿತ್ತು. ಹಬ್ಬದ ಸಿಹಿ ಬ್ರೆಡ್ಡಾದ ಸ್ಟೊಲನ್‌ಗೆ ಬೇಕಾದ ಒಣದ್ರಾಕ್ಷಿ, ಬಾದಾಮಿ ಪಶ್ಚಿಮದಿಂದ ಹೋಗಿ, ಬೆಂದ ಸ್ಟೊಲನ್ ಪೂರ್ವದಿಂದ ಬರುತ್ತಿದ್ದುದೂ ಉಂಟು.

1964ರ ನವೆಂಬರಿನಿಂದ ಪೂರ್ವದ ಪಿಂಚಣಿದಾರರಿಗೆ ಪಶ್ಚಿಮದ ನೆಂಟರ ಮನೆಗೆ ಹೋಗಲು ಬಿಟ್ಟರು. ಡಿಸೆಂಬರಿನಿಂದ ಪೂರ್ವಕ್ಕೆ ಹೋಗುವವರು ಪಶ್ಚಿಮದ ಹಣ ಕೊಟ್ಟು ಪೂರ್ವದ ಹಣ ಪಡೆಯುವುದು ಕಡ್ಡಾಯವಾಯಿತು: ಪಶ್ಚಿಮ ಬರ್ಲಿನ್ನಿನವರಿಗೆ ಮೊದಲು ದಿನಕ್ಕೆ 3 ಮಾರ್ಕ್, 1980ರ ಹೊತ್ತಿಗೆ 25. 1963ರ ಆಮೇಲೂ ಕೊಡುತ್ತಿದ್ದ ಹಬ್ಬದ ಪಾಸ್‌ಗಳು 1966ರ ನಂತರ ನಿಂತವು. ತುರ್ತು ಕೌಟುಂಬಿಕ ಕಾರಣಗಳನ್ನು ಬಿಟ್ಟರೆ 1972ರವರೆಗೆ ಪಶ್ಚಿಮ ಬರ್ಲಿನ್ನಿನವರಿಗೆ ದಾರಿ ಮುಚ್ಚಿತ್ತು. ನೀವು ಓದಿದ್ದರಲ್ಲಿ ಬಹುಪಾಲು ನಿಜವಿರುವುದು ಈ ವರ್ಷಗಳು ಮತ್ತು 1961–63ರ ಮಟ್ಟಿಗೆ.

ಅಜ್ಜಿ ಎಲ್ಲಿ ದಾಟಿದ್ದರು ಎಂದು ಕೇಳಿಟ್ಟುಕೊಳ್ಳಿ. ಓಬರ್‌ಬೌಮ್ ಸೇತುವೆಯಾದರೆ ಇಂದು ಅದರ ಮೇಲೆ ನಡೆದೇ ಹೋಗಬಹುದು. ಫ್ರೀಡ್ರಿಖ್‌ಸ್ಟ್ರಾಸೆ ನಿಲ್ದಾಣವಾದರೆ ಪಕ್ಕದ ‘ಕಣ್ಣೀರ ಅರಮನೆ’ಗೆ ಹೋಗಿ. ಪಶ್ಚಿಮಕ್ಕೆ ಮರಳುವವರನ್ನು ಪೂರ್ವದವರು ಬೀಳ್ಕೊಡುತ್ತಿದ್ದ ಈ ಕಟ್ಟಡ ಈಗ ಮ್ಯೂಸಿಯಂ. ಪಾಸ್‌ಪೋರ್ಟ್ ತಪಾಸಣೆಯ ಇಕ್ಕಟ್ಟಾದ ಗೂಡು ಒಳಗಿದೆ, ಪ್ರವೇಶ ಉಚಿತ. ಅಕ್ಟೋಬರ್ 3ರಂದು ಅಂಗಡಿಗಳು ಮುಚ್ಚಿರುತ್ತವೆ. ಹಾಲು, ತರಕಾರಿ ಹಿಂದಿನ ದಿನವೇ ತಂದಿಡಿ. ಮರೆತರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ.