ವಾಚಕರ ಪ್ರಶ್ನೆ: ನೋಟಿಸ್ ಕೈಗೆ ಬಂದ ದಿನ ಪ್ರಾರ್ಥನೆ ಹೇಗೆ?

ಪ್ರಶ್ನೆ: ಯಜಮಾನರು ತೀರಿಕೊಂಡು 3 ವರ್ಷ. 20×30 ಸೈಟಿನಲ್ಲಿ ಅವರೇ ಕಟ್ಟಿಸಿದ ಮನೆಯಲ್ಲಿದ್ದೇನೆ. ಈಗ ಮೈದುನ ಅರ್ಧ ಭಾಗ ತನ್ನದೆಂದು ವಕೀಲರಿಂದ ನೋಟಿಸ್ ಕಳಿಸಿದ್ದಾರೆ. 15 ದಿನದಲ್ಲಿ ಉತ್ತರ ಕೊಡಬೇಕಂತೆ. ಅವರ ಬೆನ್ನಿಗೆ ಒಬ್ಬ ಬಿಲ್ಡರ್ ಇದ್ದಾನೆ. ಸಂಜೆಯಾದರೆ ನಾಲ್ಕು ಜನ ಗೇಟಿನ ಹತ್ತಿರ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಾರೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ಸಭೆಯಲ್ಲಿ ಕೆಲವರು ‘ಉಪವಾಸ ಮಾಡಿ ಸಾಕು, ಕೋರ್ಟಿಗೆ ಹೋಗುವುದು ಅವಿಶ್ವಾಸ’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ಸಹೋದರಿ, ಲಿಂಗರಾಜಪುರ

ಉತ್ತರ: ಸಹೋದರಿ, ಗೇಟಿನ ಮುಂದೆ ನಿಂತು ಬೀದಿಗೆ ಕೇಳುವ ಹಾಗೆ ಕೂಗುವುದು ಹಳೆಯ ತಂತ್ರ. ಬೈಬಲಿನ ಎರಡನೆಯ ಅರಸುಗಳು 18 ಮತ್ತು 19ನೇ ಅಧ್ಯಾಯ ತೆಗೆಯಿರಿ. ಕ್ರಿ.ಪೂ. 701ರ ಸಂಗತಿ ಅದು. ಅಶ್ಶೂರದ ಅರಸ ಸನ್ಹೇರೀಬನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಕಾಲುವೆಯ ಹತ್ತಿರ ನಿಂತು ಕೂಗುತ್ತಾನೆ. ‘ಅರಾಮಿಕ್‌ನಲ್ಲಿ ಮಾತಾಡಿ, ನಮಗೆ ತಿಳಿಯುತ್ತದೆ’ ಎಂದು ಯೆಹೂದದ ಅರಸ ಹಿಜ್ಕೀಯನ ಕಡೆಯವರು ಬೇಡಿಕೊಂಡರೂ ಬಿಡುವುದಿಲ್ಲ. ಗೋಡೆಯ ಮೇಲೆ ಕೂತ ಜನಸಾಮಾನ್ಯರಿಗೆ ಅರ್ಥವಾಗಲೆಂದೇ ಅವರ ಮಾತಿನಲ್ಲೇ ಬೈಯುತ್ತಾನೆ. ಹಿಜ್ಕೀಯನ ಅಪ್ಪಣೆ ಒಂದೇ: ಉತ್ತರ ಕೊಡಬೇಡಿ. ಜನ ತುಟಿ ಬಿಚ್ಚಲಿಲ್ಲ.

ನೀವೂ ಗೇಟಿಗೆ ಹೋಗಬೇಡಿ. ಒಳಗಿನಿಂದಲೇ ವಿಡಿಯೋ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನ, ಗಂಟೆ, ಎಷ್ಟು ಜನ, ಏನೆಂದರು ಎಂದು ಬರೆದಿಡಿ. ಗೇಟು ತಳ್ಳಿದರೆ, ಬೆದರಿಕೆ ಹಾಕಿದರೆ 112ಕ್ಕೆ ಫೋನ್ ಮಾಡಿ. ಮಹಡಿಯಿಂದ ನೀವು ಕೋಪದಲ್ಲಿ ಅಂದ ಒಂದು ಮಾತು ನಾಳೆ ಅವರ ಮೊಬೈಲಿನಲ್ಲಿರುತ್ತದೆ, ಮರೆಯಬೇಡಿ.

ಇನ್ನು ಮಾತು ಹೊರಡದ ವಿಚಾರ. ಕೂಗಾಟದ ಆಮೇಲೆ ಹಿಜ್ಕೀಯನಿಗೆ ಸನ್ಹೇರೀಬನಿಂದ ಬೆದರಿಕೆ ಪತ್ರವೂ ಬಂತು. ಹಿಜ್ಕೀಯ ಅದನ್ನು ಓದಿದ, ದೇವಾಲಯಕ್ಕೆ ಹೋದ, ಯೆಹೋವನ ಮುಂದೆ ಹರಡಿ ಇಟ್ಟ. ನೀವೂ ಹಾಗೇ ಮಾಡಿ. ಮೊದಲು ನೋಟಿಸಿನ ಎರಡು ಜೆರಾಕ್ಸ್ ತೆಗೆಸಿ. ಮೂಲಪ್ರತಿಯನ್ನು ಬಂದ ಕವರಿನ ಜೊತೆಗೇ ಎತ್ತಿಡಿ. 15 ದಿನದ ಲೆಕ್ಕಕ್ಕೆ ಕವರಿನ ಮೇಲಿನ ಅಂಚೆ ಮೊಹರು ಬೇಕಾಗುತ್ತದೆ. ಒಂದು ಜೆರಾಕ್ಸನ್ನು ಬೆಳಗಿನ ಹೊತ್ತು ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಓದಿ. ನಿಜವಿರುವ ಸಾಲಿಗೆ ಗೆರೆ, ಸುಳ್ಳಿಗೆ ಅಡ್ಡಗೀಟು, ಬರೀ ಹೆದರಿಕೆಯ ಮಾತಿಗೆ ಸುತ್ತು ಹಾಕಿ. ಎಷ್ಟೋ ನೋಟಿಸುಗಳಲ್ಲಿ ಸುತ್ತುಗಳೇ ಜಾಸ್ತಿ! ಆಮೇಲೆ ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ದೇವರಿಗೆ ಹೇಳಿ. ಮಾತು ಹುಡುಕುವ ಕಷ್ಟವಿಲ್ಲ, ಕಾಗದದಲ್ಲೇ ಇದೆ.

ಹಿಜ್ಕೀಯನ ಪ್ರಾರ್ಥನೆ 19ನೇ ಅಧ್ಯಾಯದ 15ರಿಂದ 19ರವರೆಗೆ, ಐದೇ ವಚನ. ಗಟ್ಟಿಯಾಗಿ ಓದಿದರೆ ಒಂದೆರಡು ನಿಮಿಷ. ಮೊದಲು ದೇವರು ಯಾರೆಂದು ಹೇಳುತ್ತಾನೆ. ಆಮೇಲೆ ‘ಕಿವಿಗೊಡು, ಕಣ್ಣು ತೆರೆ’ ಎನ್ನುತ್ತಾನೆ. 17ನೇ ವಚನದಲ್ಲಿ ನಿಲ್ಲಿ: ಅಶ್ಶೂರದವರು ನಾಡುಗಳನ್ನು ಹಾಳುಮಾಡಿದ್ದು ನಿಜ ಎಂದು ಒಪ್ಪಿಕೊಳ್ಳುತ್ತಾನೆ. ಎದುರಾಳಿಯ ಬಲವನ್ನು ಇಲ್ಲವೆನ್ನುವುದಿಲ್ಲ. ಬೇಡಿಕೆ ಬರುವುದು ಕೊನೆಗೆ. ನಮ್ಮಲ್ಲಿ ಅನೇಕರು ಬೇಡಿಕೆಯಿಂದಲೇ ಶುರುಮಾಡಿ, ಬೆದರಿಕೆಯನ್ನೇ ಅರ್ಧ ಗಂಟೆ ತಿರುತಿರುಗಿ ಹೇಳುತ್ತಾರೆ. ಎದ್ದಾಗ ಭಯ ಇನ್ನೂ ಬಲಿತಿರುತ್ತದೆ. ರಾತ್ರಿ 11ರ ಮೇಲೆ ನೋಟಿಸ್ ತೆಗೆಯಬೇಡಿ. ಸಭೆಯ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹಾಕಬೇಡಿ. ‘ಒಂದು ಕುಟುಂಬದ ವಿಷಯ’ ಎಂದಷ್ಟೇ ಬರೆದರೂ ದೇವರಿಗೆ ತಿಳಿಯುತ್ತದೆ.

ಆ 17ನೇ ವಚನದ ಹಾಗೆ ನೀವೂ ಒಂದು ನಿಜವನ್ನು ನೋಡಬೇಕು. ಮಕ್ಕಳ ವಿಷಯ ನೀವು ಬರೆದಿಲ್ಲ. ಮನೆ ಯಜಮಾನರ ಹೆಸರಿನಲ್ಲಿದ್ದು, ಅವರು ವಿಲ್ ಬರೆದಿಡದಿದ್ದರೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು, ಮಕ್ಕಳಿಗೆ ಮೂರರಲ್ಲಿ ಎರಡು. ಮೈದುನನಿಗೆ ಏನೂ ಇಲ್ಲ. ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ ಹೆಂಡತಿಗೆ ಅರ್ಧ, ಉಳಿದರ್ಧ ಗಂಡನ ರಕ್ತಸಂಬಂಧಿಗಳಿಗೆ. ಅಂದರೆ ಅವರ ಕೇಳಿಕೆ ಪೂರ್ತಿ ಸುಳ್ಳೋ, ಸ್ವಲ್ಪ ನಿಜವೋ ಎಂಬುದು ಇಲ್ಲಿ ನಿಂತಿದೆ. ಯಾವುದೇ ಆಗಲಿ, ಅದನ್ನು ತಿಳಿದುಕೊಂಡು ಪ್ರಾರ್ಥಿಸಿ.

ಕೋರ್ಟಿಗೆ ಹೋಗುವುದು ಅವಿಶ್ವಾಸವೇ? ಹಾಗೆನ್ನುವವರು 1 ಕೊರಿಂಥ 6ನ್ನು ಹಿಡಿದು ಹೇಳುತ್ತಿರಬೇಕು. ಅಲ್ಲಿ ಪೌಲ ಕೇಳುವುದು, ಸಹೋದರರ ವ್ಯಾಜ್ಯ ತೀರಿಸುವ ಒಬ್ಬ ಜಾಣನೂ ನಿಮ್ಮ ಸಭೆಯಲ್ಲಿಲ್ಲವೇ ಎಂದು. ಆದ್ದರಿಂದ ಮೈದುನ ಒಪ್ಪಿದರೆ, ಈ 15 ದಿನದೊಳಗೆ ಅಯ್ಯನವರ ಮುಂದೆ ಇಬ್ಬರೂ ಕೂತು ಮಾತಾಡಿ. ಮಾತು ಮಾತ್ರ, ಸಹಿ ಬೇಡ. ಒಪ್ಪದಿದ್ದರೆ? ಅದೇ ಪೌಲ ಕೈಸರನಿಗೆ ಮೇಲ್ಮನವಿ ಮಾಡಿಕೊಂಡದ್ದು ಅಪೊಸ್ತಲರ ಕೃತ್ಯಗಳು 25ರಲ್ಲಿದೆ.

ಹಿಜ್ಕೀಯನೂ ಬರೀ ಪ್ರಾರ್ಥಿಸಿ ಕೂರಲಿಲ್ಲ. ಗೀಹೋನ್ ಬುಗ್ಗೆಯ ನೀರನ್ನು ಊರೊಳಕ್ಕೆ ತರುವ ಸುರಂಗ ಅವನ ಕಾಲದ್ದು. 533 ಮೀಟರ್ ಬಂಡೆಯನ್ನು ಎರಡೂ ಕಡೆಯಿಂದ ಕೊರೆದು ನಡುವೆ ಸೇರಿಸಿದರು. ಈಗಲೂ ಅದರೊಳಗೆ ನೀರಿನಲ್ಲಿ ನಡೆದು ಹೋಗಬಹುದು. ನಿಮ್ಮ ಸುರಂಗ ಇದು: ಕ್ರಯಪತ್ರ, ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ), ಕಂದಾಯದ ರಸೀದಿಗಳು, ಮರಣ ಪ್ರಮಾಣಪತ್ರ. ಇವನ್ನು ವರ್ಷದ ಪ್ರಕಾರ ಜೋಡಿಸಿ, ವಕೀಲರಿಂದ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕಳಿಸಿ. ಜೊತೆಗೆ ಕೋರ್ಟಿನಲ್ಲಿ ಕೇವಿಯಟ್ ಅರ್ಜಿ ಹಾಕಿಸಿ. ನಿಮ್ಮ ಮಾತು ಕೇಳದೆ ಏಕಪಕ್ಷೀಯವಾಗಿ ತಡೆಯಾಜ್ಞೆ ಕೊಡದಂತೆ ಅದು ಕಾಯುತ್ತದೆ. ಅದರ ಆಯಸ್ಸು 90 ದಿನ, ಆಮೇಲೆ ಹೊಸದಾಗಿ ಹಾಕಬೇಕು, ಎಡವುವುದು ಇಲ್ಲೇ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಒಂದು ಎಚ್ಚರಿಕೆ. ಇದಕ್ಕೆ ಮೊದಲು ಹಿಜ್ಕೀಯ ಹೆದರಿ ಸನ್ಹೇರೀಬನಿಗೆ 300 ತಲಾಂತು (ಆ ಕಾಲದ ತೂಕ) ಬೆಳ್ಳಿ, 30 ತಲಾಂತು ಬಂಗಾರ ಕೊಟ್ಟಿದ್ದ, ದೇವಾಲಯದ ಬಾಗಿಲಿನ ತಗಡನ್ನೂ ಕಿತ್ತುಕೊಟ್ಟಿದ್ದ. ಸೈನ್ಯ ಆದರೂ ಬಂತು. ‘ಹೇಗಾದರೂ ಮುಗಿದರೆ ಸಾಕು’ ಎಂದು ಬಿಲ್ಡರ್ ಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪ್ರಾರ್ಥಿಸಿದವರೆಲ್ಲ ಗೆಲ್ಲುತ್ತಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ವರ್ಷ ಯೆರೂಸಲೇಮ್ ಉಳಿಯಿತು, ಯೆಹೂದದ್ದೇ ಊರು ಲಾಕೀಷ್ ಬಿತ್ತು. ಯೆಹೂದದ 46 ಕೋಟೆಯೂರುಗಳನ್ನು ಹಿಡಿದೆನೆಂದು ಸನ್ಹೇರೀಬನೇ ಕೆತ್ತಿಸಿದ್ದಾನೆ. ಆ ಊರುಗಳಲ್ಲೂ ಪ್ರಾರ್ಥಿಸಿದವರು ಇದ್ದಿರಬೇಕು. ತೀರ್ಪು ಏನೇ ಬರಲಿ, ಬೆಳಗ್ಗೆ ಮೇಜಿನ ಮೇಲೆ ಕಾಗದ ಹರಡುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಪ್ರಾರ್ಥನೆ ಮಾಡಿ ಎದ್ದ ಮೇಲೂ ಎದೆ ಡವಡವ ಅನ್ನುತ್ತದೆ. ನನ್ನ ವಿಶ್ವಾಸ ಕಮ್ಮಿಯೇ?
– ಒಬ್ಬ ವಾಚಕ, ರಾಜಾಜಿನಗರ

ಉತ್ತರ: ಅಲ್ಲ. ಕೀರ್ತನೆ 56ರ 3ನೇ ವಚನ ಶುರುವಾಗುವುದೇ ‘ಹೆದರಿಕೆಯಾದಾಗ’ ಎಂದು. ಉಸಿರು ಒಳಗೆಳೆಯಲು ನಾಲ್ಕು ಎಣಿಸಿ, ಬಿಡಲು ಆರು ಎಣಿಸಿ, ಬಿಡುವಾಗ ಆ ವಚನದ ಒಂದು ತುಂಡು ಹೇಳಿ, ಹತ್ತು ಸಲ. ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ ಡಾಕ್ಟರನ್ನು ನೋಡಿ. ನಿಮ್ಹಾನ್ಸ್ ಊರಲ್ಲೇ ಇದೆ, ಫೋನಿನಲ್ಲಾದರೆ ಟೆಲಿ ಮಾನಸ್ 14416.

ಪ್ರಶ್ನೆ: ವಿರೋಧಿ ಹಾಳಾಗಲಿ ಎಂದು ಪ್ರಾರ್ಥಿಸಬಹುದೇ?
– ಒಬ್ಬ ವಾಚಕಿ, ಚಾಮರಾಜಪೇಟೆ

ಉತ್ತರ: ಕೀರ್ತನೆಗಳಲ್ಲಿ ಅಂಥ ಮಾತುಗಳಿವೆ. ಸಿಟ್ಟನ್ನು ದೇವರ ಮುಂದೆ ಹೇಳಿಕೊಳ್ಳಿ, ಮುಚ್ಚಿಡಬೇಡಿ. ಶಿಕ್ಷೆಯ ಲೆಕ್ಕ ರೋಮಾಪುರ 12:19ರ ಪ್ರಕಾರ ಆತನದು. ಮರುವಚನದಲ್ಲೇ ವೈರಿ ಹಸಿದಿದ್ದರೆ ಊಟ ಹಾಕು ಎಂದಿದೆ. ಅದನ್ನೂ ಬಿಡದೆ ಓದಿ.