ಅಭಿವೃದ್ಧಿಶೀಲ ದೇಶಗಳಲ್ಲಿ ಸರ್ಕಾರ ಬಡವರಿಗಾಗಿ ಕಟ್ಟಿಸಿದ ಮನೆಗಳು ಖಾಲಿ ಬೀಳೋದು ಯಾಕೆ?

ಬಹುತೇಕ ಕಡೆ ತಪ್ಪು ಮನೆಯದ್ದಲ್ಲ, ಜಾಗದ್ದು. ಊರಾಚೆ ಭೂಮಿ ಅಗ್ಗ ಅಂತ ಅಲ್ಲೇ ಸಾಲುಸಾಲಾಗಿ ಕಟ್ಟಿಬಿಡ್ತಾರೆ. ಕೆಲಸ, ಶಾಲೆ, ಆಸ್ಪತ್ರೆ ಊರೊಳಗೇ ಉಳಿಯುತ್ತವೆ. ಮೆಕ್ಸಿಕೊದಲ್ಲಿ ಸರ್ಕಾರಿ ಗೃಹಸಾಲದ ಬಲದಿಂದ ಹೀಗೇ ಲಕ್ಷಾಂತರ ಮನೆ ಎದ್ದವು. 2010ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಮನೆ ಖಾಲಿ (ಎಲ್ಲವೂ ಈ ಯೋಜನೆಯವಲ್ಲ, ಬಿಡಿ). ಕೂಲಿಯೆಲ್ಲ ಬಸ್ ಚಾರ್ಜಿಗೇ ಹೋದರೆ ಯಾರು ತಾನೇ ಇರ್ತಾರೆ?

ನನಗೆ ಹಿಡಿಸಿದ್ದು ಚಿಲಿಯ ಇಕಿಕೆ ನಗರದ ಕಿಂಟಾ ಮಾನ್ರಾಯ್ ಅನ್ನೋ ವಸತಿ ಯೋಜನೆ. ಸುಮಾರು 100 ಕುಟುಂಬಗಳಿಗೆ ಅವರಿದ್ದ ಜಾಗದಲ್ಲೇ ಮನೆ ಕೊಟ್ಟರು. ಊರ ನಡುವಿನ ಜಾಗ ದುಬಾರಿ, ಸಹಾಯಧನ ಸಾಲದು. ಅದಕ್ಕೆ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ತಂಡ ಅರ್ಧ ಮನೆಯಷ್ಟೇ ಕಟ್ಟಿತು: ಅಡುಗೆಮನೆ, ಬಚ್ಚಲು, ಮೆಟ್ಟಿಲು ಸಿದ್ಧ, ಪಕ್ಕದ ಖಾಲಿ ಜಾಗಕ್ಕೆ ಗೋಡೆ ಎಬ್ಬಿಸಿ ಕೋಣೆ ಮಾಡಿಕೊಂಡವರು ಮನೆಯವರೇ.