ನಂಬುವಂಥ ಸುನಾಮಿ ಎಚ್ಚರಿಕೆ ವ್ಯವಸ್ಥೆಗೆ ಏನೇನು ಬೇಕು? ದಾವಣಗೆರೆಯವರಿಗೆ ಇದು ಯಾಕೆ?

ನಮ್ಮ ದಾವಣಗೆರೆಯ ಎಷ್ಟೋ ಮನೆಯ ಮಕ್ಕಳು ಮಂಗಳೂರು, ಉಡುಪಿಯಲ್ಲಿ ಓದುತ್ತಿದ್ದಾರೆ. ಹಾಗಾಗಿ ಈ ಪ್ರಶ್ನೆ ನಮ್ಮದೂ ಹೌದು.

ಭೂಕಂಪ ಎಲ್ಲಾಯಿತು, ಎಷ್ಟು ಜೋರು ಅನ್ನುವುದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಆದರೆ ದೊಡ್ಡ ಕಂಪನವೆಲ್ಲ ಸುನಾಮಿ ಎಬ್ಬಿಸುವುದಿಲ್ಲ. 2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿ 8.6 ತೀವ್ರತೆಯ ಭೂಕಂಪವಾಯಿತು. ಕಡಲತಳ ಮೇಲೇಳದೆ ಅಡ್ಡಕ್ಕೆ ಸರಿದಿದ್ದರಿಂದ ದೊಡ್ಡ ಅಲೆ ಏಳಲಿಲ್ಲ. ಸುಮ್ನೆ ಪದೇಪದೇ ಓಡಿಸಿದರೆ ನಿಜವಾದ ದಿನ ಯಾರೂ ಕದಲುವುದಿಲ್ಲ, ಅಲ್ವಾ?

ಅದಕ್ಕೇ ಕಡಲತಳದಲ್ಲಿ ಒತ್ತಡ ಅಳೆಯುವ ಯಂತ್ರ ಇಡುತ್ತಾರೆ. ಆಳ ಸಮುದ್ರದಲ್ಲಿ ಸುನಾಮಿ ಅಲೆ ತೀರಾ ಗಿಡ್ಡ, ಹಡಗಿನಲ್ಲಿದ್ದವರಿಗೂ ಗೊತ್ತಾಗದು. ಆದರೆ ಮೇಲಿನ ನೀರು ಕೆಲವೇ ಸೆಂಟಿಮೀಟರ್ ಏರಿದರೂ ಈ ಯಂತ್ರ ಹಿಡಿಯುತ್ತದೆ. ಅದು ಸದ್ದಿನ ಮೂಲಕ ಮೇಲೆ ತೇಲುವ ಸಲಕರಣೆಯಾದ ಬೋಯ್‌ಗೆ ಹೇಳುತ್ತದೆ. ಅಲ್ಲಿಂದ ಉಪಗ್ರಹದ ಮೂಲಕ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ಗೆ ಸುದ್ದಿ. ಅಲ್ಲಿನ ಎಚ್ಚರಿಕೆ ಕೇಂದ್ರ 2007ರಿಂದ ಹಗಲಿರುಳು ನಡೆಯುತ್ತಿದೆ.

2004ರಲ್ಲಿ ಅಲೆ ತಮಿಳುನಾಡು ಮುಟ್ಟಲು ಸುಮಾರು ಎರಡು ಗಂಟೆ ಹಿಡಿದಿತ್ತು. ಹೇಳುವವರೇ ಇರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಂತ್ರಕ್ಕಿಂತ ಜಾಸ್ತಿ ಕಷ್ಟ ದಡದ ಮೇಲಿನ ಕೆಲಸ ಅಂತ ನನ್ನ ಅನಿಸಿಕೆ. 2018ರಲ್ಲಿ ಇಂಡೋನೇಷ್ಯಾದ ಪಾಲುವಿನಲ್ಲಿ ಅಲೆ ಕೆಲವೇ ನಿಮಿಷದಲ್ಲಿ ಬಂತು, ಎಷ್ಟೋ ಜನರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. ಒಡಿಶಾದ ವೆಂಕಟ್ರಾಯಪುರ, ನೋಲಿಯಾಸಾಹಿ ಹಳ್ಳಿಗಳು ಓಡುವ ದಾರಿ ಗುರುತಿಸಿ, ಅಣಕು ಅಭ್ಯಾಸ ಮಾಡಿ, 2020ರಲ್ಲಿ ಯುನೆಸ್ಕೋ ಮನ್ನಣೆ ಪಡೆದವು. ನಮ್ಮ ಕರಾವಳಿಯ ಊರೂರಲ್ಲೂ ಇದು ಆಗಬೇಕು.

ಅಲ್ಲಿರುವ ಮಕ್ಕಳಿಗೆ ಇವತ್ತೇ ಹೇಳಿ: ನೆಲ ಜೋರಾಗಿ ನಡುಗಿದರೆ, ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಮೆಸೇಜಿಗೆ ಕಾಯದೆ ಎತ್ತರದ ಜಾಗಕ್ಕೆ ಹೋಗಬೇಕು.